ಕೋಲು ಕೊಟ್ಟ ಸೋಮವಾರ

ಗುರುವಾರ, 17 ಜುಲೈ 2025

ಈ ನೋಟುಬುಕ್ಕು ಇವತ್ತು ಬಸವನ ಬಾಗೇವಾಡಿಯ ತರಬೇತಿಯಲ್ಲಿ ಸಿಕ್ಕಿತು. ಊರ ಕೆಲಸಕ್ಕೆ ನೆರವು ಕೊಡುವ ನಮ್ಮ ಸಂಸ್ಥೆಯ, ಸಿಂದಗಿ ಕಡೆಯ ವಿಜಯಶ್ರೀ ಮೇಡಂ ಹತ್ತು ಊರಿನ ಹತ್ತು ಹೆಂಗಸರಿಗೆ ಒಂದೊಂದು ಹಂಚಿದರು. "ಇದು ನನಗ ತೋರ್ಸೂದಲ್ರಿ. ಊರಾಗ ಕೆಲಸಾ ಮಾಡಿ ಬಂದು ಮನಸಿಗಿ ತಿಳಿದದ್ದು ನಿಮಗ ನೀವ ಬರಕೋರಿ" ಎಂದರು. ತೋರಿಸುವುದಿಲ್ಲವಾದರೆ ಬರೆಯುವುದೇಕೆ ಎಂದು ಕೇಳಿದೆ. ಎಲ್ಲರೂ ನಕ್ಕರು. ನಾನು ಏಳನೇ ಇಯತ್ತೆಯವರೆಗೆ ಊರ ಸಾಲೆಯಲ್ಲೇ ಓದಿದವಳು. ಅಕ್ಷರ ದುಂಡಗಿವೆ, ಬರೆಯಲು ಅಂಜಿಕೆ ಇಲ್ಲ.

ಎರಡು ದಿನ ಕಲಿಸಿದ್ದರಲ್ಲಿ ಮುಖ್ಯವಾದದ್ದು ಇಷ್ಟು. ಊರಿಗೆ ಏನು ಬೇಕೆಂದು ನಾವು ಹೇಳಬಾರದು, ಊರೇ ಹೇಳಬೇಕು. ಸಭೆ ಕೂಡಿಸಿ, ನೆಲದ ಮೇಲೆ ಊರಿನ ನಕಾಶೆ ಬರೆಸಬೇಕು. ಬರೆಯಲು ಒಂದು ಕೋಲು ಒಯ್ಯಬೇಕು, ಒಯ್ದ ಕೋಲನ್ನು ಜನರ ಕೈಗೆ ಕೊಟ್ಟು ನಾವು ಹಿಂದೆ ಸರಿಯಬೇಕು. "ಕೋಲು ಯಾರ ಕೈಯಾಗ ಐತಿ, ಮಾತು ಅವರದು" ಎಂದರು ಮೇಡಂ. ಚೊಲೋ ಮಾತು. ಮನೆಗೆ ಬಂದ ಕೂಡಲೇ ಹಿತ್ತಲ ಬೇವಿನ ಮರದಿಂದ ಒಂದು ನೆಟ್ಟನೆಯ ಕೋಲು ಕಡಿಸಿದೆ.

ನಮ್ಮ ಊರಿನ ಕೆಲಸವೆಂದರೆ ಕೆರೆಯ ಮೆಟ್ಟಿಲು. ಕಾಲುವೆ ನೀರು ಬಿಟ್ಟು ಕೆರೆ ತುಂಬಿಸಲು ಶುರುವಾದ ಮೇಲೆ ನೀರಿಗೆ ಕೊರತೆಯಿಲ್ಲ, ಆದರೆ ಹೆಂಗಸರು ಬಟ್ಟೆ ಒಗೆಯುವುದು ಕೆಸರಿನ ದಂಡೆಯಲ್ಲಿ. ಹೋದ ವರ್ಷ ಮಹಾನವಮಿಗೆ ಕೌದಿ ಒಗೆಯಲು ಹೋದ ಪಕ್ಕದ ಮನೆಯ ಚನ್ನವ್ವ ಜಾರಿ ನೀರಿಗೆ ಬಿದ್ದಳು. ಬದುಕಿ ಬಂದದ್ದೇ ಪುಣ್ಯ, ಕೈ ಎರಡು ಕಡೆ ಮುರಿದಿತ್ತು. ಅವಳ ಹಾಸಿಗೆಯ ಪಕ್ಕ ಕುಳಿತು, ವಿಭೂತಿ ಮುಟ್ಟಿ ಹೇಳಿದ್ದೇನೆ: ಬರುವ ಮಹಾನವಮಿಗೆ ನೀನು ಕಲ್ಲಿನ ಮೆಟ್ಟಿಲ ಮೇಲೆ ಕುಳಿತು ಕೌದಿ ಒಗೆಯುತ್ತಿ.

ಕಲ್ಲು, ಸಿಮೆಂಟು ಸಂಸ್ಥೆಯದು. ಜಾಗ ಮತ್ತು ದುಡಿಮೆ ಊರಿನದು. ಶ್ರಾವಣದ ಕೊನೆಯ ಸೋಮವಾರದೊಳಗೆ ಊರೆಲ್ಲ ಒಪ್ಪಿ ಜಾಗ ತೋರಿಸಬೇಕು. ಇಲ್ಲದಿದ್ದರೆ ಆ ಕಲ್ಲು ಝಳಕಿ ಕಡೆಯ ಒಂದು ಊರಿಗೆ ಹೋಗುತ್ತದೆ. ಅವರು ಆಗಲೇ ಜಾಗ ತೋರಿಸಿ ಕಾಯುತ್ತಿದ್ದಾರಂತೆ.

ಶ್ರಾವಣದ ತನಕ ಯಾಕೆ? ನಾನು ಒಂದೇ ಸಭೆಯಲ್ಲಿ ಮುಗಿಸುತ್ತೇನೆ.

ಸೋಮವಾರ, 21 ಜುಲೈ

ಸೋಮವಾರ ಬಸವಣ್ಣನ ವಾರ, ಎತ್ತಿನ ಕೊರಳಿಗೆ ನೊಗ ಹಾಕುವುದಿಲ್ಲ, ಹಾಗಾಗಿ ಎಲ್ಲರೂ ಊರಲ್ಲೇ ಇರುತ್ತಾರೆ. ಬಸವಣ್ಣನ ಗುಡಿಯ ಅಂಗಳದಲ್ಲಿ ಸಭೆ ಕೂಡಿಸಿದೆ. ಅರವತ್ತು ಜನ ಬಂದಿದ್ದರು. ಕೆರೆಯ ಆಚೆ ಓಣಿಯ ಗುಂಡವ್ವ ಮತ್ತು ಅವಳ ಕಡೆಯ ಹೆಂಗಸರು ಬೇವಿನ ಮರದ ಕೆಳಗೆ ನಿಂತಿದ್ದರು. ಎಲ್ಲರಿಗೂ ಚಹಾ ಮಾಡಿಸಿದ್ದೆ. ಸ್ಟೀಲ್ ಲೋಟ ಸಾಲಲಿಲ್ಲವೆಂದು ಆ ಓಣಿಯವರಿಗೆ ಕಾಗದದ ಕಪ್ಪು.

ನಕಾಶೆ ನಾನೇ ಬರೆದೆ. ಬೇರೆಯವರ ಕೈಗೆ ಕೋಲು ಕೊಟ್ಟರೆ ಗೆರೆ ಸೊಟ್ಟಗಾಗುತ್ತದೆ. ಮಾತೂ ನಾನೇ ಆಡಿದೆ, ಒಂದು ತಾಸು ಹತ್ತು ನಿಮಿಷ. ಚನ್ನವ್ವ ಬಿದ್ದ ಕಥೆಯನ್ನು ಎಲ್ಲರ ಕಣ್ಣಲ್ಲಿ ನೀರು ಬರುವಂತೆ ಹೇಳಿದೆ. ಮೆಟ್ಟಿಲಿಗೆ ಜಾಗ ಗುಡಿಯ ದಂಡೆ ಎಂದೆ. ಬಸವಣ್ಣನ ಎದುರಿಗಿದ್ದರೆ ಅವನ ದೃಷ್ಟಿ ನಮ್ಮ ಮೇಲಿರುತ್ತದೆ, ಇನ್ನು ಯಾರೂ ಬೀಳುವುದಿಲ್ಲ.

"ಒಪ್ಪಿಗಿ ಐತೇನ್ರಿ?" ಎಂದೆ.

"ಹೂಂನ್ರಿ."

ಮರದ ಕಡೆ ತಿರುಗಿ, "ಗುಂಡವ್ವಾ, ನೀವೂ ಹೂಂ ಅನ್ರಿ" ಎಂದೆ. ಅವರೂ ಹೂಂ ಎಂದರು.

ನಾಳೆ ಬೆಳಿಗ್ಗೆ ಏಳಕ್ಕೆ ಸಲಿಕೆ ಹಿಡಿದು ಎಲ್ಲರೂ ಗುಡಿಯ ದಂಡೆಗೆ ಬರಬೇಕೆಂದು ಹೇಳಿದ್ದೇನೆ. ಅದಕ್ಕೂ ಹೂಂ ಎಂದಿದ್ದಾರೆ. ಮೇಡಂ ಎರಡು ದಿನ ಕಲಿಸಿದ್ದನ್ನು ನಾನು ಒಂದೇ ಸಂಜೆಯಲ್ಲಿ ಮಾಡಿದೆ.

ಮಂಗಳವಾರ, 22 ಜುಲೈ

ಏಳಕ್ಕೆ ಹೋದೆ. ಎಂಟಾಯಿತು. ದಂಡೆಯ ಮೇಲೆ ನಾನು, ನನ್ನ ಸಲಿಕೆ, ನೀರು ಕುಡಿಯಲು ಬಂದ ಶೆಟ್ಟೆವ್ವನ ಎಮ್ಮೆ. ಒಂಬತ್ತಕ್ಕೆ ಎಮ್ಮೆಯೂ ಹೋಯಿತು.

ಗುರುವಾರ, 24 ಜುಲೈ. ಅಮವಾಸ್ಯೆ

ಮನುಷ್ಯರ ಹೂಂ ನಂಬಿ ಕೆಟ್ಟೆ. ದೇವರನ್ನೇ ಹಿಡಿಯಬೇಕೆಂದು ಬೆಳಿಗ್ಗೆ ಗುಡಿಗೆ ಹೋದೆ.

ಬೇಡಿದ ಮೇಲೆ ಏನಾದರೂ ಬಿಡಬೇಕಲ್ಲ. ಉಪವಾಸ ಹೇಗೂ ಮಾಡುತ್ತೇನೆ, ಅದು ಬಸವಣ್ಣನಿಗೆ ಹಳತು. ಚಹಾ ಬಿಟ್ಟರೆ ತಲೆನೋವು, ಆ ತಲೆನೋವಿನ ಸಿಟ್ಟು ಮನೆಯವರ ಮೇಲೆ ಹೋಗಿ ಇನ್ನೊಂದು ಪಾಪ. ಬಹಳ ಹೊತ್ತು ಕುಳಿತು ಯೋಚಿಸಿ, ನನಗೆ ಎಲ್ಲಕ್ಕಿಂತ ಪ್ರೀತಿಯಾದದ್ದನ್ನೇ ಕೊಟ್ಟೆ. ಮಾತು ಬಿಟ್ಟೆ. ಶ್ರಾವಣದ ನಾಲ್ಕೂ ಸೋಮವಾರ, ಹೊತ್ತು ಮೂಡಿದಾಗಿನಿಂದ ಸಂಜೆ ದೀಪ ಹಚ್ಚುವ ತನಕ ಮೌನ. ಸನ್ನೆ ಇಲ್ಲ, ಬರೆದು ತೋರಿಸುವುದಿಲ್ಲ. ಕಳ್ಳದಾರಿ ಇಟ್ಟುಕೊಂಡು ಮಾಡಿದ ವ್ರತ ವ್ರತವೇ ಅಲ್ಲ.

ಮನೆಗೆ ಬಂದು ಹೇಳಿದೆ. ನಮ್ಮವರು ಬಸಂತರಾಯರು ಪಟ್ಟನೆ ಎದ್ದು ಹೆಗಲಿಗೆ ಟವೆಲ್ ಹಾಕಿಕೊಂಡರು.

"ಎಲ್ಲಿಗಿ ಹೊಂಟ್ರಿ?"

"ಗುಡಿಗಿ. ಒಂದು ಕಾಯಿ ಒಡಿಸಿಕೊಂಡು ಬರ್ತೇನಿ. ಮೂವತ್ತು ವರ್ಸದಿಂದ ನಾ ಬೇಡಿಕೊಂಡಿದ್ದು ಬಸವಣ್ಣಗ ಇವತ್ತ ಕೇಳಿಸೇತಿ."

ಸೊಸೆ ಐಶ್ವರ್ಯ ಒಳಗೆ ಓಡಿದಳು. ನಗಲಿಕ್ಕೇ ಓಡಿದ್ದು, ನನಗೆ ಗೊತ್ತು.

ಶುಕ್ರವಾರ, 25 ಜುಲೈ

ಐಶ್ವರ್ಯ ರೊಟ್ಟಿ ಬಡಿಯುತ್ತ ಕೇಳಿದಳು: "ಅತ್ತೀ, ಇನ್ನ ಮೀಟಿಂಗ್ ಯಾವತ್ತ ಇಡತೀರಿ?"

"ಯಾವತ್ತ ಅಂದ್ರ? ಸೋಮಾರ. ಉಳಿದ ದಿನ ಯಾರು ಸಿಗತಾರ ಊರಾಗ?"

ಅವಳು ರೊಟ್ಟಿ ಬಡಿಯುತ್ತಲೇ ಇದ್ದಳು. ಮೂರು ರೊಟ್ಟಿ ಬೆಂದ ಮೇಲೆ ನನಗೆ ಹೊಳೆಯಿತು. ನಾನು ಒಲೆಯ ಮುಂದೆಯೇ ಕುಳಿತುಬಿಟ್ಟೆ.

ಮೇಡಂಗೆ ಫೋನ್ ಹಚ್ಚಿದೆ. ವಾರ ಬದಲಿಸಬಹುದೇ ಎಂದೆ. "ನೋಡ್ರಿ ಶಂಕ್ರೆವ್ವಾರ, ಈಗ ಹೊಲದಾಗ ಕಳೇವು ನಡದೈತಿ. ಮಂಗಳಾರ ಬುಧವಾರ ಕರದ್ರ ನೀವೂ ನಿಮ್ಮ ಕೋಲು ಇಬ್ರ ಕುಂಡ್ರಬೇಕು" ಎಂದರು. ವ್ರತವನ್ನಾದರೂ ಬೇರೆ ವಾರಕ್ಕೆ ಸರಿಸೋಣವೆಂದರೆ, ಕೊಟ್ಟದ್ದನ್ನು ಬದಲಿಸಿಕೊಡಲು ಬಸವಣ್ಣನೇನು ಬಟ್ಟೆ ಅಂಗಡಿ ಇಟ್ಟಿದ್ದಾನೆಯೇ?

ನಾಲ್ಕು ಸಭೆ ಉಳಿದಿವೆ. ನಾಲ್ಕೂ ಸೋಮವಾರ. ದೀಪ ಹಚ್ಚಿದ ಮೇಲೆ ಕರೆಯೋಣವೆಂದರೆ ಆ ಹೊತ್ತಿಗೆ ಹೆಂಗಸರು ಒಲೆ ಬಿಟ್ಟು ಬರುವುದಿಲ್ಲ. ನಾಲ್ಕರಲ್ಲೂ ನನ್ನ ಬಾಯಿ ಮುಚ್ಚಿರುತ್ತದೆ. ಝಳಕಿ ಕಡೆಯವರು ಈಗಲೇ ಕಲ್ಲು ಒಯ್ಯಬಹುದು.

ಸೋಮವಾರ, 28 ಜುಲೈ. ನಾಗಚೌತಿ

ದೀಪ ಹಚ್ಚಿ ಬರೆಯುತ್ತಿದ್ದೇನೆ. ದೀಪ ಹಚ್ಚಿದ ಕೂಡಲೇ ಮೊದಲು ಅರ್ಧ ತಾಸು ಮಾತಾಡಿದೆ, ಆಮೇಲೆ ಪೆನ್ನು ಹಿಡಿದೆ.

ಬೆಳಿಗ್ಗೆ ಹುತ್ತಕ್ಕೆ ಹಾಲೆರೆದು ಬಂದು, ಮಧ್ಯಾಹ್ನ ಗುಡಿಯ ಅಂಗಳದಲ್ಲಿ ಕುಳಿತೆ. ಹೆಂಗಸರು ನಾಳಿನ ಪಂಚಮಿಗೆ ಉಂಡಿ ಕಟ್ಟುವುದು ಬಿಟ್ಟು ಬಂದಿದ್ದರು. ಎಲ್ಲರೂ ನನ್ನ ಮುಖ ನೋಡಿದರು. ನಾನು ಕೋಲು ನೋಡಿದೆ. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಅಷ್ಟು ಹೊತ್ತು ಅಷ್ಟು ಜನ ಸುಮ್ಮನಿದ್ದದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ಆಮೇಲೆ ಶೆಟ್ಟೆವ್ವ, "ಈಕಿ ಖರೇನ ಮಾತಾಡಂಗಿಲ್ಲೇನ?" ಎಂದಳು. "ಚಿವುಟಿ ನೋಡು" ಎಂದಳು ಚನ್ನವ್ವ. ಚಿವುಟಿದಳು ಕೂಡ. ಬಸವಣ್ಣಾ, ತಡೆದುಕೊಂಡೆ.

ಆಮೇಲೆ ಶುರುವಾಯಿತು ಹರಟೆ. ಕೆಲಸದ ಮಾತು ಒಂದೂ ಇಲ್ಲ. ಯಾರ ಮನೆಯ ಜೋಕಾಲಿ ಹರಿಯಿತು, ಯಾರ ಉಂಡಿ ಕಲ್ಲಾಯಿತು. ಒಬ್ಬಳು, ಗುಡಿಯ ಕಟ್ಟೆಯ ಮೇಲೆ ಇಡೀ ದಿನ ಕುಳಿತಿರುವ ಗಂಡಸರ ಬೆನ್ನಿನ ಅಚ್ಚು ಗೋಡೆಯ ಮೇಲೆ ಮೂಡಿದೆ ಎಂದಳು. ಇನ್ನೊಬ್ಬಳು, ಕೆರೆಗೆ ಹೋಗುವಾಗ ಆ ಕಟ್ಟೆ ದಾಟುವುದೆಂದರೆ ಪರೀಕ್ಷೆಗೆ ಹೋದಂತೆ, ಹನ್ನೆರಡು ಜೋಡಿ ಕಣ್ಣು ಎಂದಳು. ನಗುವುದೋ ನಗುವುದು. ನಾನು ಒಳಗೇ ಕುದಿಯುತ್ತಿದ್ದೆ. ನನ್ನ ಬಾಯಿ ಇದ್ದಿದ್ದರೆ ಒಂದೇ ಮಾತಿನಲ್ಲಿ ಈ ಹರಟೆ ನಿಲ್ಲಿಸುತ್ತಿದ್ದೆ.

ಒಂದು ಸೋಮವಾರ ವ್ಯರ್ಥವಾಯಿತು.

ಸೋಮವಾರ, 4 ಆಗಸ್ಟ್

ಇವತ್ತಿನದನ್ನು ಬಿಡದೆ ಬರೆಯಬೇಕು.

ಜನ ಬರುವ ಮೊದಲೇ ಅಂಗಳಕ್ಕೆ ನೀರು ಚಿಮುಕಿಸಿ, ನಕಾಶೆ ಮತ್ತೆ ಬರೆದಿಟ್ಟೆ. ಗುಡಿ, ಕೆರೆ, ಸಾಲೆ, ನಮ್ಮ ಓಣಿ, ಪಂಚಾಯತಿ ಕಟ್ಟಡ, ಎಲ್ಲ. ಮೆಟ್ಟಿಲಿನ ಜಾಗಕ್ಕೆ ಗುಡಿಯ ದಂಡೆಯಲ್ಲಿ ಒಂದು ಕಲ್ಲಿಟ್ಟೆ. ಮಾತಿಲ್ಲದಿದ್ದರೂ ಕಣ್ಣಿಗೆ ಕಾಣಲಿ ಎಂದು.

ಜನ ಸುತ್ತ ಕುಳಿತರು. ಹಿಂದೆ ಗುಂಡವ್ವ, ಅವಳ ಮಗ ಧರ್ಮರಾಜ, ಓಣಿಯ ಇತರರು ನಿಂತಿದ್ದರು. ಧರ್ಮರಾಜ ಗೌಂಡಿ, ಸುತ್ತಲಿನ ಊರುಗಳಲ್ಲೂ ಮನೆ ಕಟ್ಟುತ್ತಾನೆ. ಅಷ್ಟರಲ್ಲಿ ಎಲ್ಲಿಂದಲೋ ಒಂದು ಆಡು, ಕೊರಳ ಹಗ್ಗ ಎಳೆದುಕೊಂಡು, ನೆಟ್ಟಗೆ ನಕಾಶೆಯೊಳಗೆ ನುಗ್ಗಿತು. ಸಾಲೆಯ ಮೇಲೆ ಕಾಲಿಟ್ಟಿತು. ಕೆರೆ ದಾಟಿತು. ನಮ್ಮ ಓಣಿಯ ಮೇಲೆ ನಿಂತು ಹಿಕ್ಕೆ ಹಾಕಿತು. ಜನ ನಗುತ್ತಿದ್ದಾರೆ, ಯಾರೂ ಏಳುತ್ತಿಲ್ಲ. "ಹೋಯ್" ಎನ್ನುವಂತಿಲ್ಲ. ಕೋಲು ಮುಂದೆ ಚಾಚಿದೆ, ಅದರ ಪಕ್ಕೆಗೆ ತಿವಿಯೋಣವೆಂದು.

ಆಡು ಸರಿಯಿತು. ಅದರ ಹಿಂದೆ ಬಂದ ಗುಂಡವ್ವ ನನ್ನ ಕೋಲಿನ ತುದಿ ಹಿಡಿದುಕೊಂಡಳು.

ನನ್ನ ಮುಖ ನೋಡಿದಳು. ಕೋಲು ತನ್ನ ಕಡೆ ಎಳೆದುಕೊಂಡಳು. ನಾನು ಬಿಡಬಾರದಿತ್ತೋ ಏನೋ, ಬಿಟ್ಟೆ. ಅರವತ್ತು ಜನರೆದುರು ಕೋಲಿಗಾಗಿ ಜಗ್ಗಾಡುವುದೇ?

"ಅವ್ವಾರು ಕೊಟ್ಟಾರಂದ್ರ ಹೇಳತೇನಿ" ಎಂದಳು. ಬಗ್ಗಿ ಕೆರೆಯ ಆಚೆ ಒಂದು ದೊಡ್ಡ ಚೌಕ ಬರೆದಳು. "ಇದು ನಮ್ಮ ಓಣಿರಿ. ನಕಾಶೆದಾಗ ಇರಲಿಲ್ಲ."

ಜಾಗ ಸಾಲಲಿಲ್ಲವೆಂದು ನಾನೇ ಬಿಟ್ಟಿದ್ದೆ. ಆದರೆ ಅವಳು ಬರೆದಾಗ ಜಾಗ ಸಾಕಷ್ಟಿತ್ತು.

ಆಮೇಲೆ ನಾನಿಟ್ಟ ಕಲ್ಲನ್ನು ಕೋಲಿನಿಂದ ಮುಟ್ಟಿ ಹೇಳಿದಳು: "ಗುಡಿ ದಂಡಿ ಎರಿ ಮಣ್ಣರಿ. ಬ್ಯಾಸಗ್ಯಾಗ ಬಿರಿತೈತಿ, ಮಳಿಗಾಲದಾಗ ಕಾಲು ನುಂಗತೈತಿ. ಕಲ್ಲು ಕೂಡ್ರಿಸಿದ್ರ ಎರಡ ವರ್ಸದಾಗ ಒಳಗ ಹೊಕ್ಕಾವು. ನಮ್ಮ ದಂಡಿ ಗರಸು, ಗಟ್ಟಿ ನೆಲ. ನಲವತ್ತು ವರ್ಸ ಆತು ಒಗ್ಯಾಕತ್ತು, ಒಂದ ದಿನ ಜಾರಿಲ್ಲ. ದನಾ ನೀರು ಕುಡ್ಯೂದೂ ಗುಡಿ ಕಡೇನ. ಅಲ್ಲಿ ಸಾಬೂನು ನೀರು ಬಿಟ್ರ ದನಾ ಎಲ್ಲಿಗಿ ಹೋಗಬೇಕ್ರಿ?"

ಗುಡಿಯ ಕಟ್ಟೆಯ ಕಡೆ ಒಮ್ಮೆ ನೋಡಿದಳು. "ಮತ್ತ..."

"ಮತ್ತೇನ? ಹೇಳಬೇ" ಎಂದಳು ಚನ್ನವ್ವ.

"ಮತ್ತ ಅಲ್ಲಿ ಕಟ್ಟಿ ಮ್ಯಾಲೆ ಗಂಡಸ್ರು ಕುಂತಿರತಾರ. ಸೀರಿ ಮ್ಯಾಲೆ ಕಟ್ಟಿ, ಮೈಯೆಲ್ಲಾ ತೋಯಿಸಿಕೊಂಡು ಅವರ ಮುಂದ ಹೆಂಗ ಒಗ್ಯೂದ್ರಿ?"

ಹೆಂಗಸರೆಲ್ಲ ಒಮ್ಮೆಲೇ ಬಾಯಿ ಬಿಟ್ಟರು. "ಅದನ್ನ ನಾ ಹೇಳಬೇಕಂತ ಮಾಡಿದ್ದೆ!" "ಅದಕ್ಕ ಅವತ್ತ ಸಲಕಿ ತಗೊಂಡು ಬರಲಿಲ್ಲ ನಾವು!" "ಬಸವಣ್ಣನ ದೃಷ್ಟಿ ಇರ್ಲಿ, ಉಳಿದಾವರ ದೃಷ್ಟಿಗಿ ಏನ ಮಾಡೂದು?" ನನ್ನ ಸೊಸೆಯೂ ಕೂಗುತ್ತಿದ್ದಳು. ಕಟ್ಟೆಯ ಮೇಲಿನ ಗಂಡಸರು ಒಬ್ಬೊಬ್ಬರೇ ಎದ್ದು ಚಪ್ಪಲಿ ಹುಡುಕಿದರು. ಮೊದಲು ಎದ್ದವರು ನಮ್ಮವರೇ.

ಗುಂಡವ್ವ ಕಲ್ಲನ್ನೆತ್ತಿ ಕೆರೆಯ ಆಚೆ ದಂಡೆಯ ಮೇಲಿಟ್ಟಳು. ಕೋಲು ತಿರುಗಿ ಕೊಡಲಿಲ್ಲ. ಬೇರೆಯವರು ತೆಗೆದುಕೊಂಡರು, ಅವರಿಂದ ಇನ್ನೊಬ್ಬರು. ಸಂಜೆ ಐಶ್ವರ್ಯ ಯಾರ ಮನೆಯಿಂದಲೋ ತಂದಳು.

ನಾನು ಕೋಲು ಚಾಚಿದ್ದು ಸನ್ನೆಯಾಯಿತೇ? ವ್ರತ ಮುರಿಯಿತೇ? ಆಡಿಗೆ ಚಾಚಿದ್ದು. ಆಡಿನೊಡನೆ ಸನ್ನೆ ಲೆಕ್ಕಕ್ಕಿಲ್ಲ ಎಂದು ತೀರ್ಮಾನಿಸಿದ್ದೇನೆ.

ಮಂಗಳವಾರ, 5 ಆಗಸ್ಟ್

ವಿಜಯಶ್ರೀ ಮೇಡಂ ಫೋನ್ ಮಾಡಿದರು. ಐಶ್ವರ್ಯ ಎಲ್ಲ ಹೇಳಿಬಿಟ್ಟಿದ್ದಾಳೆ. "ಶಂಕ್ರೆವ್ವಾರ, ಗುಂಡವ್ವಗ ಕೋಲು ಕೊಟ್ರಂತ! ಹತ್ತು ಊರಾಗ ನೀವೊಬ್ಬರ ಅದನ್ನ ಮಾಡಿದ್ದು. ನನ್ನ ಕಣ್ಣಾಗ ನೀರು ಬಂದುವು" ಎಂದರು.

ಇವತ್ತು ಮಂಗಳವಾರ. ನನ್ನ ಬಾಯಿ ತೆರೆದಿತ್ತು. "ಆಡು ಅಟ್ಟಿದ್ದೆ" ಎನ್ನಲು ಎರಡೇ ಮಾತು. "ಹೂಂನ್ರಿ" ಎಂದೆ.

ಐವತ್ತು ವರ್ಷಕ್ಕೆ ಸುಳ್ಳು ಹೇಳಿದೆ, ಅದೂ ಶ್ರಾವಣದಲ್ಲಿ. ನಮ್ಮವರು ಗುಡಿಯ ಕಟ್ಟೆಗೆ ಹೋಗದೆ ಮನೆಯಲ್ಲೇ ಕುಳಿತಿದ್ದಾರೆ. "ಮೂವತ್ತು ವರ್ಸ ಅಲ್ಲಿ ಕುಂತೇನಿ. ಒಬ್ಬಾಕಿನೂ ಒಂದ ಮಾತು ಅಂದಿದ್ದಿಲ್ಲ" ಎನ್ನುತ್ತಾರೆ.

"ನೀವರ ಒಬ್ಬಾಕಿನ್ನ ಕೇಳಿದ್ರೇನು?" ಎಂದೆ. ಆಮೇಲೆ ಬಹಳ ಹೊತ್ತು ನಾನೂ ಸುಮ್ಮನಿದ್ದೆ. ವ್ರತವಿಲ್ಲದ ದಿನ.

ಸೋಮವಾರ, 11 ಆಗಸ್ಟ್

ಇವತ್ತು ಸಭೆ ಕೆರೆಯ ಮೇಲೆಯೇ ನಡೆಯಿತು. ಯಾರು ಹಾಗೆ ನಿರ್ಧರಿಸಿದರೋ ನನಗೆ ಗೊತ್ತಿಲ್ಲ. ನಾನು ಗುಡಿಯಲ್ಲಿ ಕಾಯುತ್ತ ಕುಳಿತಿದ್ದೆ, ಹುಡುಗಿಯೊಬ್ಬಳು ಬಂದು ಕರೆದೊಯ್ದಳು.

ಧರ್ಮರಾಜ ಹಾರೆ ತಂದಿದ್ದ. ಗುಡಿಯ ದಂಡೆಯಲ್ಲಿ ಎತ್ತಿ ಬಿಟ್ಟ. ಹಾರೆ ಬೆಣ್ಣೆಯಲ್ಲಿ ಹೋದಂತೆ ಅರ್ಧ ಇಳಿಯಿತು, ತೆಗೆಯಲು ಮೂವರು ಬೇಕಾಯಿತು. ಆಚೆ ದಂಡೆಯಲ್ಲಿ ಬಿಟ್ಟರೆ ಟಣ್ ಎಂದಿತು. ಇನ್ನು ಮಣ್ಣಿನ ಮಾತು ಉಳಿಯಲಿಲ್ಲ.

ಉಳಿದದ್ದು ಬೇರೆ ಮಾತು. ಅದನ್ನು ಯಾರೂ ಆಡುತ್ತಿರಲಿಲ್ಲ. ಕಡೆಗೆ ಶೆಟ್ಟೆವ್ವ, "ಅಲ್ಲ, ದಿನಾ ಆ ಓಣಿ ಕಡೆ ಹೋಗಿ, ಅವರ ಜೋಡಿ ಕುಂತು ಒಗ್ಯೂದಂದ್ರ..." ಎಂದು ಅರ್ಧಕ್ಕೆ ನಿಲ್ಲಿಸಿ ನನ್ನ ಕಡೆ ನೋಡಿದಳು. ಎಲ್ಲರೂ ನೋಡಿದರು. ಗುಂಡವ್ವ ಮಾತ್ರ ನೋಡಲಿಲ್ಲ, ನೀರು ನೋಡುತ್ತಿದ್ದಳು.

ನನ್ನ ಬಾಯಿ ಕಟ್ಟಿತ್ತು. ಕಟ್ಟಿರದಿದ್ದರೆ ಏನೆನ್ನುತ್ತಿದ್ದೆನೋ, ಇಲ್ಲಿಯೂ ಬರೆಯುವುದಿಲ್ಲ.

ಚನ್ನವ್ವ ಎದ್ದಳು. ಸೊಟ್ಟಗೆ ಕೂಡಿದ ಕೈಯನ್ನು ಎಲ್ಲರಿಗೂ ಕಾಣುವಂತೆ ಎತ್ತಿದಳು. "ನಾ ಬಿದ್ದ ಕಥಿ ಊರೆಲ್ಲಾ ಹೇಳಿಕೋತ ತಿರಗ್ಯಾಡ್ತೀರಿ. ನನ್ನ ಎಬ್ಬಿಸಿದಾವ್ರು ಯಾರು ಅಂತ ಒಬ್ಬರರ ಕೇಳೀರೇನು?"

ಆ ಕಥೆ ಊರೆಲ್ಲ ಹೇಳಿಕೊಂಡು ತಿರುಗಿದವಳು ನಾನು.

"ಈಕಿ. ಏರಿ ಮ್ಯಾಲೆ ಆಡು ಮೇಸಾಕತ್ತಿದ್ಲು. ಓಡಿ ಬಂದು, ಉಟ್ಟ ಸೀರಿ ಬಿಚ್ಚಿ ಒಂದು ತುದಿ ನನಗ ಒಗದ್ಲು. ಲಂಗದ ಮ್ಯಾಲೆ ನಿಂತು, ಕೆಸರಾಗ ಮಣಕಾಲತನಾ ಹೂತು ನನ್ನ ಜಗ್ಗಿದ್ಲು. ಕಟ್ಟಿ ಮ್ಯಾಲಿನ ಗಂಡಸ್ರು ಬರೂದ್ರಾಗ ನಾ ದಂಡಿಗಿ ಬಂದಿದ್ದೆ. ಅವ್ರು ಬರಾಕತ್ತಾರಂತ ಈಕಿ ಸೀರಿ ಸುತ್ತಿಕೊಂಡು ಹ್ವಾದ್ಲು. ಅಷ್ಟ." ಉಸಿರು ತೆಗೆದುಕೊಂಡಳು. "ನಾ ಅಂತೂ ಆಚೀ ದಂಡ್ಯಾಗ, ಈಕಿ ಮಗ್ಗಲದಾಗ ಕುಂತು ಒಗಿಯಾಕಿ. ಬರಾವ್ರು ಬರ್ರಿ. ಒಲ್ಲದಾವ್ರು ಎಮ್ಮಿ ಜೋಡಿ ಇಲ್ಲೇ ಇರ್ರಿ."

ಮೊದಲು ನಕ್ಕವಳು ಶೆಟ್ಟೆವ್ವನೇ. "ನನ್ನ ಎಮ್ಮಿ ಹೆಸರು ಯಾಕ ತಗೀತಿಬೇ" ಎಂದು ಎದ್ದು, ಸೀರೆಯ ನೆರಿಗೆ ಎತ್ತಿ ಹಿಡಿದು, ಏರಿಯ ಮೇಲೆ ಆಚೆ ದಂಡೆಯ ಕಡೆ ನಡೆದಳು. ಅವಳ ಹಿಂದೆ ಉಳಿದವರು. ನಾನೂ ಹೋದೆ. ಯಾರೂ ನನ್ನನ್ನು ಕೇಳಲಿಲ್ಲ, ನಾನು ಬರುತ್ತೇನೋ ಇಲ್ಲವೋ ಎಂದು ತಿರುಗಿಯೂ ನೋಡಲಿಲ್ಲ.

ಚನ್ನವ್ವ ಬಿದ್ದು ಒಂದು ವರ್ಷವಾಗುತ್ತ ಬಂತು, ಪಕ್ಕದ ಮನೆಯಲ್ಲೇ ಇದ್ದೇನೆ. ಬಿದ್ದದ್ದನ್ನು ಅಷ್ಟು ಸಲ ಹೇಳಿದೆ, ಎದ್ದದ್ದನ್ನು ಕೇಳಲಿಲ್ಲ.

ಸೋಮವಾರ, 18 ಆಗಸ್ಟ್. ಕೊನೆಯ ಸೋಮವಾರ

ಮೇಡಂ ಬಂದರು. ಆಚೆ ದಂಡೆಯಲ್ಲಿ ಊರವರು ಆಗಲೇ ಗೂಟ ಹೊಡೆದು, ಸುಣ್ಣದ ಗೆರೆ ಎಳೆದು, ಮಾವಿನ ಎಲೆ ಕಟ್ಟಿದ್ದರು. ಏಳು ಮೆಟ್ಟಿಲು, ಒಗೆಯಲು ಹನ್ನೆರಡು ಕಲ್ಲು, ರಸ್ತೆಯ ಕಡೆಗೆ ಎದೆಯೆತ್ತರದ ಗೋಡೆ, ಸಾಬೂನು ನೀರು ಹೊರಗೆ ಹೋಗಲು ಕಾಲುವೆ. ನೀರು ಹೋದ ಕಡೆ ಮೇವಿನ ಹುಲ್ಲು ಹಚ್ಚುತ್ತಾರಂತೆ. ಆ ಹುಲ್ಲು ಯಾರ ಆಡಿಗೆ, ಯಾರ ಎಮ್ಮೆಗೆ ಎಂದು ಆಗಲೇ ಜಗಳವಾಡಿ, ಪಾಳಿ ಮಾಡಿಕೊಂಡು, ರಾಜಿಯೂ ಆಗಿದ್ದರು.

"ಊರಿನ ಒಪ್ಪಿಗಿ ಐತೇನ್ರಿ?" ಎಂದರು ಮೇಡಂ.

ಈ ಸಲ ಯಾರೂ ಹೂಂ ಎನ್ನಲಿಲ್ಲ. ನಮ್ಮ ಮನೆಯಿಂದ ಇಬ್ಬರು, ನಮ್ಮ ಮನೆಯಿಂದ ಮೂವರು ಎಂದು ದುಡಿಯಲು ಬರುವವರ ಹೆಸರು ಹೇಳತೊಡಗಿದರು. ಮೇಡಂ ಬರೆದುಕೊಳ್ಳಲು ಓಡಿ ಹೋಗಿ ಪೆನ್ನು ತಂದರು. ಕಲ್ಲು ನಮಗೇ!

ಆಮೇಲೆ ಮೇಡಂ ಎಲ್ಲರೆದುರು ನನ್ನ ಭುಜದ ಮೇಲೆ ಕೈಯಿಟ್ಟು, ಕೋಲು ಕೊಟ್ಟ ಕಥೆ ಹೇಳಿದರು. ಚಪ್ಪಾಳೆ ಬಿತ್ತು. ಸತ್ಯ ಹೇಳಲು ಬಾಯಿಲ್ಲ. ತಲೆ ಅಲ್ಲಾಡಿಸಿದರೆ ಸನ್ನೆ. ಕಣ್ಣು ಮುಚ್ಚಿ ಕುಳಿತೆ. "ಎಷ್ಟು ಭಕ್ತಿ ನೋಡ್ರಿ" ಎಂದರು ಯಾರೋ. ಗುಂಡವ್ವ ನನ್ನನ್ನೇ ನೋಡುತ್ತಿದ್ದಳು. ನಗುತ್ತಿದ್ದಳೋ ಏನೋ, ಸೆರಗು ಬಾಯಿಗಿತ್ತು.

ಸೋಮವಾರ, 25 ಆಗಸ್ಟ್

ಶ್ರಾವಣ ಮುಗಿಯಿತು, ಮಾತು ಮರಳಿ ಬಂತು. ದುಡಿಮೆಯ ಮೊದಲ ದಿನ. ಎರಡು ಪುಟ ಭಾಷಣ ಬರೆದುಕೊಂಡು ಹೋಗಿದ್ದೆ. ಮಾತಾಡಬೇಕೆಂದು ಎದ್ದೆ. ಯಾರು ಎಲ್ಲಿ ಅಗೆಯಬೇಕೆಂದು ಗುಂಡವ್ವ ಇನ್ನೂ ಹೇಳುತ್ತಿದ್ದಳು, ಕುಳಿತೆ. ಆಮೇಲೆ ಧರ್ಮರಾಜ ಹೇಳಿದ, ಆಮೇಲೆ ಡ್ರೈವರ್ ಶಕೀಲ ಕಲ್ಲಿನ ಟ್ರ್ಯಾಕ್ಟರ್ ತಂದ, ಎಲ್ಲರೂ ಎದ್ದರು. ಭಾಷಣದ ಹಾಳೆಯನ್ನು ಐಶ್ವರ್ಯ ರೊಟ್ಟಿ ಬುತ್ತಿಯ ಕೆಳಗೆ ಹಾಸಿದಳು. ಪಲ್ಯದ ಎಣ್ಣೆ ಹತ್ತಿತು.

ಚಹಾ ಗುಂಡವ್ವನ ಮನೆಯಿಂದ ಬಂತು. ಸಕ್ಕರೆ ಸ್ವಲ್ಪ ಹೆಚ್ಚು. ಎರಡು ಸಲ ಕುಡಿದೆ.

ನಮ್ಮವರೂ ಇತರ ಗಂಡಸರೂ ಕಲ್ಲು ಹೊತ್ತರು. ಸಂಜೆ ಬೆನ್ನು ಹಿಡಿದುಕೊಂಡು, "ಗೋಡಿ ಇನ್ನೊಂದು ಗೇಣು ಎತ್ತರ ಕಟ್ಟರಿ, ನಮ್ಮ ಮ್ಯಾಲಿನ ಸಂಶೆ ಹೋಗ್ಲಿ" ಎಂದರು. ಧರ್ಮರಾಜ ಕಟ್ಟುತ್ತೇನೆ ಎಂದ.

ಭಾನುವಾರ, 7 ಸೆಪ್ಟೆಂಬರ್

ಐದು ಮೆಟ್ಟಿಲಾದವು. ಕೈಯೆಲ್ಲ ಸಿಮೆಂಟು, ಬರೆಯಲು ಬೆರಳು ಬಾಗುತ್ತಿಲ್ಲ.

ಗುರುವಾರ, 18 ಸೆಪ್ಟೆಂಬರ್

ಇವತ್ತು ಮಹಾನವಮಿಯ ಒಗೆತ. ಊರಿನ ಕೌದಿಗಳೆಲ್ಲ ಕೆರೆಗೆ ಬಂದಿದ್ದವು. ಚನ್ನವ್ವ ಮೊದಲ ಮೆಟ್ಟಿಲಿಗೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ತನ್ನ ಕೌದಿಯನ್ನು ಕಲ್ಲಿನ ಮೇಲೆ ಎತ್ತಿ ಹಾಕಿದಳು. ಒಂದು ಕೈ ಸೊಟ್ಟಗಿದ್ದರೂ ಆ ಬಡಿತ ಏನು ಬಡಿತ! ನನ್ನ ಮಾತು ಉಳಿಯಿತು. ಬಸವಣ್ಣಾ, ನಿನ್ನ ದಯೆ.

ಕೊಲ್ಹಾರದಿಂದ ನೆಂಟಸ್ತಿಕೆಗೆ ಬಂದ ಒಬ್ಬಾಕೆ ನಿಂತು ನೋಡಿ, "ಇದನ್ನ ಯಾರು ಕಟ್ಟಿಸಿಕೊಟ್ರಬೇ?" ಎಂದು ಕೇಳಿದಳು.

"ಯಾರ ಕಟ್ಟಿಸಿಕೊಡತಾರ? ನಾವ ಕಟ್ಟೇವಿ" ಎಂದಳು ಶೆಟ್ಟೆವ್ವ.

"ಮತ್ತ ಈ ಶಂಕ್ರೆವ್ವ ಸಂಸ್ಥಾದಾಕಿ ಅಂತಲ್ಲ?"

"ಅಯ್ಯ, ಈಕಿನಾ? ಈಕಿ ಬಾಯಿ ಮುಚ್ಚಿಕೊಂಡು ಕುಂತಿದ್ಲು."

ಹನ್ನೆರಡು ಕಲ್ಲಿನ ಮೇಲಿನ ಹೆಂಗಸರೂ ನಕ್ಕರು. ನನಗೆ ಸಿಟ್ಟು ಬರಬೇಕಿತ್ತು. ಬಟ್ಟೆ ಬಹಳ ಇತ್ತು, ಪುರಸೊತ್ತು ಆಗಲಿಲ್ಲ.

ನಮ್ಮ ದೊಡ್ಡ ಕೌದಿಯನ್ನು ಹಿಂಡಲು ಇಬ್ಬರು ಬೇಕು. ಐಶ್ವರ್ಯ ಒಣಹಾಕಲು ಹೋಗಿದ್ದಳು. ಪಕ್ಕದ ಕಲ್ಲಿನ ಗುಂಡವ್ವ ತಾನೇ ಎದ್ದು ಬಂದು ಇನ್ನೊಂದು ತುದಿ ಹಿಡಿದಳು. ಅವಳು ಆ ಕಡೆ ತಿರುವಿದಳು, ನಾನು ಈ ಕಡೆ. ನೀರು ಸುರಿಯತೊಡಗಿತು. ಆರು ವಾರದಿಂದ ಎದೆಯಲ್ಲಿದ್ದುದನ್ನು ಇಟ್ಟುಕೊಂಡು ಘಟಸ್ಥಾಪನೆ ಮಾಡಬಾರದೆನಿಸಿತು.

"ಗುಂಡವ್ವಕ್ಕಾ, ಒಂದ ಮಾತು ಹೇಳೂದೈತಿ. ಅವತ್ತ ಗುಡಿ ಮುಂದ ನಾ ನಿನಗ ಕೋಲು ಕೊಟ್ಟಿದ್ದಿಲ್ಲ. ಆಡು ಹೊಡ್ಯಾಕ ಚಾಚಿದ್ದೆ."

ಅವಳು ತಿರುವುವುದನ್ನು ನಿಲ್ಲಿಸಲಿಲ್ಲ. "ಗೊತ್ತೈತ್ರಿ."

"ಗೊತ್ತಿತ್ತು? ಮತ್ತ್ಯಾಕ ಹಿಡದಿ?"

"ಇಷ್ಟು ಮಂದ್ಯಾಗ ಕೋಲು ನನ್ನ ಕಡೆ ಬಂದಿತ್ತು. ಬಿಡಬೇಕೇನ್ರಿ?"

"ಆ ಹಾಳು ಆಡು ಒಂದು ಬರದಿದ್ರ..."

"ಹಾಳು ಯಾಕಂತೀರಿ? ಅದು ನಂದ." ಇನ್ನೊಂದು ತಿರುವು ತಿರುವಿ, ಕೌದಿಯ ತುದಿಯನ್ನು ತೊಡೆಗೆ ಒತ್ತಿ ಹಿಡಿದು ನನ್ನ ಕಡೆ ನೋಡಿದಳು. "ನಕಾಶೆದಾಗ ನಮ್ಮ ಓಣಿ ಇಲ್ಲ ಅಂತ ಕಂಡಿತು. ನೀವು ನೋಡಿದ್ರ ಮೌನ. ಯಾರ ಮುಂದ ಹೇಳಲಿ? ಹಗ್ಗ ಬಿಟ್ಟೆ."

ನನಗೆ ಎಲ್ಲಿಂದ ನಗು ಬಂತೋ, ಕೈ ಸಡಿಲಾಯಿತು. ಬಿಗಿಯಾಗಿ ಹಿಂಡಿದ್ದ ಕೌದಿ ಬುರ್ರೆಂದು ತಿರುಗಿ, ಮೆಟ್ಟಿಲ ಆಚೆ ಮಣ್ಣಿನಲ್ಲಿ ಬಿತ್ತು. ಇಬ್ಬರೂ ಸೇರಿ ಇನ್ನೊಮ್ಮೆ ಒಗೆದೆವು.